ಸತ್ತು ಸಿಕ್ಕಿದ್ದು

ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿದಾಗ ತಿಜಾನಿಯ ಮೂಗಿಗೆ ಮೊದಲು ಬಡಿದದ್ದು ಕಾಫಿಯ ವಾಸನೆ. ಒಲೆಯ ಮೇಲೆ ಏನೂ ಇರಲಿಲ್ಲ. ಹೆಂಡತಿ ಸಲ್ಹಾ ಅಡುಗೆಮನೆಯ ಬಾಗಿಲಿಗೆ ಒರಗಿ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ನಿಮ್ಮ ಶಿಷ್ಯ ಹಮ್ಮಾದಿ ಕೊಟ್ಟು ಹೋದ. ಬೆಳಗಾಗ್ತಿದ್ದ ಹಾಗೇ ಬಂದು ಬಾಗಿಲು ತಟ್ಟಿದ. ಮಲಗಿದಾರೆ ಅಂದೆ. ಎಬ್ಬಿಸ್ಬೇಡಿ, ಸೀದಿ ಹೇಳಿದ ಹಾಗೇ ಮಾಡಿದೀನಿ ಅಂತ ಹೇಳಿ ಸಾಕು ಅಂದ. ಹಲ್ಲೆಲ್ಲ ಕಾಣೋ ಹಾಗೆ ನಗ್ತಿದ್ದ ಪುಣ್ಯಾತ್ಮ. ಏನದು, ಹಾವುಮೀನಾ?" ಹಾವುಮೀನಾಗಿರಲಿಲ್ಲ. ರಾಜಹಂಸದ ಉದ್ದನೆಯ ಗುಲಾಬಿ ಕಾಲು, ನಡುವಿನ ಕೀಲಿನಲ್ಲಿ ಮಡಿಚಿಟ್ಟದ್ದು. ಕೀಲಿನ ಮೇಲೆ ಬಿಳಿಯ ಪ್ಲಾಸ್ಟಿಕ್ ಉಂಗುರ, ಅದರ ಮೇಲೆ ನಾಲ್ಕು ಕಪ್ಪಕ್ಷರ. ಕೊಯ್ದ ತುದಿಯಲ್ಲಿ ರಕ್ತದ ಜೊತೆ ಕಂದು ಪುಡಿ ಮೆತ್ತಿಕೊಂಡಿತ್ತು. ತಿಜಾನಿ ಚೀಲವನ್ನು ತಟ್ಟನೆ ಮುಚ್ಚಿದ, ಆದರೂ ಹಕ್ಕಿಯ ಬೆರಳುಗಳು ಹೊರಗಿಣುಕಿದವು. "ಮತ್ತೊಂದಾ?" ಎಂದಳು ಸಲ್ಹಾ, "ನನ್ನ ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ." ಆ 'ಮತ್ತೊಂದಾ'ದಲ್ಲಿ ಬೈಗುಳವಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಅದೇ ಅವನಿಗೆ ಚುಚ್ಚಿತು. ಅವಳ ಕೆನ್ನೆಗೊಂದು ಬಾರಿಸಬೇಕೆನಿಸಿತು. ಮೂವತ್ತಾರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವಳ ಮೇಲೆ ಎತ್ತದ ಕೈ ಈಗೇಕೆ ತುರಿಸುತ್ತಿದೆ ಎಂದು ತನಗೆ ತಾನೇ ಹೇಸಿ, ಚೀಲವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಾರಿನ ಮುಂದಿನ ಸೀಟಿನ ಕೆಳಗೆ ತುರುಕಿದ.

ಬೇರೆ ಯಾವ ದಿನವೂ ಆಗಬಹುದಿತ್ತು, ಇವತ್ತು ಬೇಡವಾಗಿತ್ತು. ಎಂಟೂವರೆಗೆ ಟ್ಯೂನಿಸ್ಸಿನಿಂದ ಪಕ್ಷಿ ಸಂಘದ ಹುಡುಗಿ ಬರುವವಳಿದ್ದಳು. ಏಪ್ರಿಲ್ ನಡುವಿನ ಎಣಿಕೆ ಅವನದೇ. ಇಪ್ಪತ್ತೆರಡು ವಸಂತಗಳಿಂದ ಕೊರ್ಬಾದ ಹಿನ್ನೀರಿನ ಮೇಲೆ ಇಳಿದ ಹಕ್ಕಿಗಳ ಲೆಕ್ಕ ಅವನ ಕೈಬರಹದಲ್ಲೇ ಇತ್ತು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತನಾದವನಿಗೆ ಊರಿನಲ್ಲಿ ಉಳಿದಿದ್ದ ಮರ್ಯಾದೆ ಅದೊಂದೇ. ಸಂಘದ ವರದಿಯಲ್ಲಿ ಪ್ರತಿವರ್ಷ ಅವನ ಹೆಸರು ಅಚ್ಚಾಗುತ್ತಿತ್ತು: ದೇಶದಲ್ಲೇ ಅತಿ ಹೆಚ್ಚು ಹಕ್ಕಿಗಳ ಗುರುತಿನ ಉಂಗುರಗಳ ಸುದ್ದಿ ಕಳಿಸಿದವರು, ಶ್ರೀ ತಿಜಾನಿ. ಆ ಸಾಲನ್ನು ಅವನು ಕಾಫಿ ಅಂಗಡಿಯಲ್ಲಿ ಓದಿ ಹೇಳಿದ್ದೂ ಉಂಟು. ಹೋದ ವಾರ ಆ ಹುಡುಗಿ, ದೊರ್ಸಾಫ್, ಫೋನಿನಲ್ಲಿ ಬಹಳ ವಿನಯದಿಂದ ಹೇಳಿದ್ದಳು, ಎಣಿಕೆಗೆ ಜೊತೆಯಾಗುತ್ತೇನೆ, ಹಾಗೇ ಉಂಗುರಗಳ ವಿಷಯ ಒಂದಿಷ್ಟು ಮಾತಾಡುವುದಿದೆ, ಎಂದು. ಅಂದಿನಿಂದ ನಿದ್ದೆ ಕೆಟ್ಟಿತ್ತು. ಅವಳಿಗೆ ತಿಳಿದರೆ ಹಿನ್ನೀರನ್ನು ಬೇರೆ ಯಾರಿಗಾದರೂ ಒಪ್ಪಿಸುತ್ತಾರೆ, ಅವನ ಇಪ್ಪತ್ತೆರಡು ಪುಸ್ತಕಗಳ ಮೇಲೆ ಗೀಟು ಎಳೆಯುತ್ತಾರೆ. ಆಮೇಲೆ ಬೆಳಗ್ಗೆ ಎದ್ದು ಅವನು ಹೋಗುವುದಾದರೂ ಎಲ್ಲಿಗೆ?

ಮೊದಲ ಹಕ್ಕಿ ಸತ್ತು ಬಿದ್ದಿದ್ದನ್ನು ಹಮ್ಮಾದಿ ನಿಜವಾಗಿಯೂ ಕರೆಂಟು ತಂತಿಯ ಕೆಳಗೆ ಕಂಡಿದ್ದ. ಆರು ವರ್ಷದ ಹಿಂದೆ. ಟೊಮೆಟೊ ಡಬ್ಬಿ ಕಾರ್ಖಾನೆಯಲ್ಲಿ ಬೇಸಿಗೆಯ ಎರಡು ತಿಂಗಳು ಕೂಲಿ, ಉಳಿದ ಕಾಲ ಬಲೆ ಮತ್ತು ಬಂದೂಕು, ಅಷ್ಟೇ ಅವನ ಬದುಕು. ಅವನು ಮೂರು ಸಲ ಸಮುದ್ರ ಸುಟ್ಟವನು. ಕಾಗದಪತ್ರವಿಲ್ಲದೆ ಇಟಲಿಯ ಕಡೆಗೆ ದೋಣಿ ಹತ್ತುವುದಕ್ಕೆ ಇಲ್ಲಿ ಹಾಗೇ ಅನ್ನುತ್ತಾರೆ. ಮೂರು ಸಲವೂ ಆಚೆಯವರು ಕೈಗೆ ನಂಬರಿನ ಪಟ್ಟಿ ಕಟ್ಟಿ ವಾಪಸು ಕಳಿಸಿದ್ದರು. ಅಂಥವನು ಸತ್ತ ಹಕ್ಕಿಯ ಕಾಲನ್ನು ತಂದು, "ಸೀದಿ, ಇದರ ಮೇಲೇನೋ ಬರ್ದಿದೆ," ಎಂದ. ನಲವತ್ತು ದಾಟಿದ ಗಂಡಸು ಬಾಲ್ಯದ ಮೇಷ್ಟ್ರನ್ನು ಇನ್ನೂ ಸೀದಿ ಎಂದೇ ಕರೆಯುತ್ತಿದ್ದ. ತಿಜಾನಿ ಅವನ ಹೆಸರಲ್ಲೇ ಬರೆದು ಕಳಿಸಿದ. ಎರಡು ತಿಂಗಳಿಗೆ ಸಮುದ್ರದಾಚೆಯಿಂದ ಕಾಗದ ಬಂತು, ದಪ್ಪ ಲಕೋಟೆ, ಮುದ್ರೆ, ಸಹಿ. ಮಾನ್ಯ ಹಮ್ಮಾದಿಯವರಿಗೆ. ಹಕ್ಕಿ ಹುಟ್ಟಿದ ಊರು, ಉಂಗುರ ತೊಡಿಸಿದ ದಿನ, ಯಾವ ಯಾವ ದೇಶದ ನೀರಿನಲ್ಲಿ ನಿಂತಿತ್ತು, ಎಲ್ಲ ಇತ್ತು. ಕೊನೆಯಲ್ಲಿ, ತಮ್ಮ ಅಮೂಲ್ಯ ಸಹಕಾರಕ್ಕೆ ನಾವು ಕೃತಜ್ಞರು. ಹಮ್ಮಾದಿ ಅದನ್ನು ಮೂರು ಸಲ ಓದಿಸಿಕೊಂಡ. "ಮಾನ್ಯ ಅಂದ್ರೆ ನಾನೇನಾ ಸೀದಿ?" ಎಂದು ಕೇಳಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಮರುತಿಂಗಳು ಎರಡು ಕಾಲು ಬಂದವು. ಆ ಕಾಲುಗಳಿಗೆ ಸೀಸದ ಗುಂಡು ತಾಗಿತ್ತು. ತಿಜಾನಿ ನೋಡಿದ. ನೋಡಿಯೂ, ಪತ್ರದಲ್ಲಿ ಸ್ಥಿತಿ ಎಂಬ ಖಾನೆಯ ಮುಂದೆ, ತನ್ನ ದುಂಡನೆಯ ಅಕ್ಷರದಲ್ಲಿ, ಸತ್ತು ಸಿಕ್ಕಿದ್ದು ಎಂದು ತುಂಬಿದ. ಆಮೇಲೆ ಕೈಗೆ ಅಭ್ಯಾಸವಾಯಿತು.

ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ, ಎಂದು ಎಷ್ಟೋ ಸಲ ಅವನಿಗೆ ಅನಿಸಿದ್ದುಂಟು, ಅನಿಸಿದ ಮಾತ್ರಕ್ಕೆ ಮೇಯುವುದು ನಿಲ್ಲುತ್ತದೆಯೆ? ಒಂದೊಂದು ಉಂಗುರಕ್ಕೂ ವರದಿಯಲ್ಲಿ ಅವನ ಹೆಸರು ಒಂದೊಂದು ಮೆಟ್ಟಿಲು ಏರುತ್ತಿತ್ತು. ಕಾಫಿ ಅಂಗಡಿಯಲ್ಲಿ ಜನ ಹಮ್ಮಾದಿಯನ್ನು ಕಿಚಾಯಿಸುತ್ತಿದ್ದರು: "ಲೋ, ಶಬ್ರೂಶಿಗೂ ಕಾಗದ ಇದೆ, ನಿನಗಿಲ್ಲವಲ್ಲೋ." ಶಬ್ರೂಶ್ ಅಂದರೆ ಅವರ ಬಾಯಲ್ಲಿ ರಾಜಹಂಸ. ಹಮ್ಮಾದಿ ನಗುತ್ತಿದ್ದ. ಆದರೆ ಗ್ಯಾರೇಜಿನ ಮುದುಕ ಒಂದು ದಿನ, "ಇವನ ಮನೆ ಗೋಡೆ ನೋಡಿದೀರಾ? ತುಂಬ ಸಾವಿನ ಸರ್ಟಿಫಿಕೇಟು. ಸ್ಮಶಾನದ ಕಾವಲುಗಾರನ ಮನೇಲೂ ಇಷ್ಟಿರಲ್ಲ," ಎಂದಾಗ ಅವನು ನಗಲಿಲ್ಲ. ಹೋದ ತಿಂಗಳು, ರಮಜಾನಿನ ಕೊನೆಯ ವಾರ, ಸೂರ್ಯ ಇಳಿಯುವ ಹೊತ್ತಿಗೆ ಹನ್ನೊಂದನೆಯ ಕಾಲು ಹಿಡಿದು ಮನೆ ಬಾಗಿಲಿಗೆ ಬಂದಿದ್ದ. ಉಪವಾಸದ ಹೊಟ್ಟೆ, ಒಣಗಿದ ಬಾಯಿ, ತಿಜಾನಿ ಸಿಡಿದುಬಿದ್ದ. "ಉಂಗುರ ಸಾಕು ಕಣೋ, ಹಕ್ಕಿ ಯಾಕೆ ಕೊಲ್ತೀಯ? ಉಂಗುರ ಬೇಕು, ಹಕ್ಕಿ ಬದುಕಿರ್ಬೇಕು. ಅರ್ಥವಾಯ್ತಾ?" ಮುಂದೆ ಹೇಳುವುದಿತ್ತು. ನನ್ನ ಹಳೆಯ ದುರ್ಬೀನು ತಗೋ, ದೂರದಿಂದ ಅಕ್ಷರ ಓದು, ಅದಕ್ಕೂ ಕಾಗದ ಬರುತ್ತದೆ ಎಂದು. ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿಸಿತು, ಒಳಗೆ ಸಲ್ಹಾ ಸೂಪಿನ ಬಟ್ಟಲಿಟ್ಟಳು, ಅವನು ಬಾಗಿಲು ಹಾಕಿಕೊಂಡ. ಹನ್ನೊಂದನೆಯ ಕಾಲನ್ನು ಒಳಗೆ ತೆಗೆದುಕೊಂಡೇ ಬಾಗಿಲು ಹಾಕಿದ್ದ, ಅದನ್ನೂ ಹೇಳಬೇಕು.

ಬಾಡಿಗೆ ವ್ಯಾನುಗಳು ನಿಲ್ಲುವ ಕಡೆ ದೊರ್ಸಾಫ್ ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಕಾಯುತ್ತಿದ್ದಳು. ಇಪ್ಪತ್ತೆಂಟೋ ಮೂವತ್ತೋ ಇರಬೇಕು. ಕಾರು ಹತ್ತುತ್ತಲೇ, "ಆಹಾ, ಕಾಫಿ ಘಮ್ ಅಂತಿದೆ ಆಮ್ ತಿಜಾನಿ. ನನಗೂ ಒಂದು ಲೋಟ ಇಟ್ಟಿರಬಹುದಿತ್ತು," ಎಂದಳು. ಚಿಕ್ಕಪ್ಪನನ್ನು ಕರೆಯುವ ಸಲಿಗೆಯ ಆ 'ಆಮ್' ಅವನಿಗೆ ಹಿತವಾಗಲಿಲ್ಲ. ಅವಳ ಹಿಮ್ಮಡಿ ಸೀಟಿನ ಕೆಳಗಿನ ಕಾಗದಕ್ಕೆ ತಾಗಿ ಸರಸರ ಸದ್ದಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನು ತಿಜಾನಿ. ಕೂಡಲೇ, "ಅದು ರೊಟ್ಟಿ, ಹೆಂಡತಿ ಕಟ್ಟಿದ್ದು," ಎಂದುಬಿಟ್ಟ. ಅವಳು ಏನೂ ಕೇಳಿರಲಿಲ್ಲ. ಮೆಣಸಿನ ಹೊಲಗಳ ನಡುವೆ ರಸ್ತೆ ಸಾಗುತ್ತಿದ್ದಾಗ ಅವಳು ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಬೇಜಾರು ಮಾಡ್ಕೋಬೇಡಿ. ಹೋದ ಆರು ವರ್ಷದಲ್ಲಿ ಇಡೀ ಕರಾವಳಿಯಿಂದ ಸತ್ತ ರಾಜಹಂಸದ ಉಂಗುರ ಹದಿನಾಲ್ಕು ಬಂದಿದೆ. ಅದರಲ್ಲಿ ಹನ್ನೊಂದು ನಿಮ್ಮ ಹಿನ್ನೀರಿನದು. ಹನ್ನೊಂದಕ್ಕೂ ಒಬ್ಬನದೇ ಹೆಸರು. ಯಾರವನು ಹಮ್ಮಾದಿ?" "ಮೀನುಗಾರ," ಎಂದ ತಿಜಾನಿ, "ಕಣ್ಣು ಚುರುಕು. ದಡದಲ್ಲೇ ಇರ್ತಾನಲ್ಲ, ಸತ್ತದ್ದು ಕಣ್ಣಿಗೆ ಬೀಳತ್ತೆ." "ಉಂಗುರ ಇರೋವೇ ಸಾಯ್ತಾವಾ ಇಲ್ಲಿ?" ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜಕ್ಕೂ ತಿಳಿಯಬಯಸುವ ಮಗುವಿನಂತೆ ಕೇಳಿದ್ದಳು. ತಿಜಾನಿ ಗೇರು ಬದಲಿಸಿದ, ಬದಲಿಸುವ ಅಗತ್ಯವಿಲ್ಲದಿದ್ದರೂ.

ಹಿನ್ನೀರಿನ ಮೇಲೆ ಗಾಳಿ ಬೀಸುತ್ತಿತ್ತು. ರಾತ್ರಿ ಸಮುದ್ರ ದಾಟಲು ಹೊರಟು ಗಾಳಿಗೆ ಹೆದರಿ ಹಿಂದಿರುಗಿದ ಗದ್ದೆಗೊರವಗಳು ಕೆಸರಿನ ಅಂಚಿನಲ್ಲಿ ತಲೆ ತಗ್ಗಿಸಿ ಹಸಿವಿನಿಂದ ಕುಕ್ಕುತ್ತಿದ್ದವು. ತಲೆಯ ಮೇಲೆ ಕಳ್ಳಿಪೀರಗಳ ಹಿಂಡು ಚಿಲಿಪಿಲಿಗುಟ್ಟುತ್ತ ಉತ್ತರಕ್ಕೆ ಹೋಯಿತು. ಆಚೆ ದಡದಲ್ಲಿ ಯಾರೋ ಬಂದೂಕು ಹಾರಿಸಿದರು. ಎರಡು ಹೊಡೆತ, ಸ್ವಲ್ಪ ತಡೆದು ಇನ್ನೊಂದು. ಆ ಮೂರನೆಯದು ಗಾಯಗೊಂಡದ್ದನ್ನು ಮುಗಿಸಲಿಕ್ಕೆ ಎಂದು ತಿಜಾನಿಯ ಕಿವಿಗೆ ಗೊತ್ತು. ಜೊಂಡಿನ ಮೇಲಿಂದ ಜೌಗು ಸೆಳೆವ ಎಂಬ ಗಿಡುಗವೊಂದು ತೇಲಿ ಬಂದು, ಮೆಟ್ಟುಗಾಲ ಹಕ್ಕಿಗಳು ಕಿರಿಚಿ ಮೇಲೆರಗುತ್ತಿದ್ದರೂ ಲಕ್ಷ್ಯವಿಲ್ಲದೆ ಅವುಗಳ ಗೂಡಿಗಿಳಿಯಿತು, ಏನನ್ನೋ ತುಳಿದು ನಿಂತು ಹರಿಯತೊಡಗಿತು. ದೊರ್ಸಾಫ್ ದೂರದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಮರಿ ಇರಬೇಕು," ಎಂದಳು, "ಇನ್ನೂ ಬದುಕಿದೆ ಪಾಪ." ಬಗ್ಗಿದ್ದ ಅವಳ ಕುತ್ತಿಗೆಯ ಹಿಂಭಾಗ, ಕೂದಲು ಎತ್ತಿ ಕಟ್ಟಿದ ಜಾಗ, ಬಿಳಿಚಿಕೊಂಡು ಅವನೆದುರಿಗಿತ್ತು. ಒಂದು ಕೈ ಸಾಕು, ನೀರು ಮೊಣಕಾಲುದ್ದ, ಕೆಸರು ಮೆತ್ತಗಿದೆ, ಎಂದು ಮನಸ್ಸಿನೊಳಗೆ ಯಾರೋ ಶಾಂತವಾಗಿ ಹೇಳಿದರು. ತಿಜಾನಿ ಎರಡು ಹೆಜ್ಜೆ ಹಿಂದೆ ಸರಿದ. ತಾನು ಇಂಥವನೇ, ಅಥವಾ ಎಲ್ಲರ ಒಳಗೂ ಇಂಥವನೊಬ್ಬ ಕೂತಿರುತ್ತಾನೆಯೆ? ಗದ್ದೆಗೊರವ ನಾನೂರ ಹತ್ತು, ಎಂದು ಗಟ್ಟಿಯಾಗಿ ಹೇಳಿ ಪುಸ್ತಕದಲ್ಲಿ ಬರೆದುಕೊಂಡ.

ಮುಂದಿನ ದಿಬ್ಬಕ್ಕೆ ಹೋಗಲು ಮುಳ್ಳುತಂತಿ ದಾಟಬೇಕಿತ್ತು. ದೊರ್ಸಾಫಳ ಅಂಗೈ ಗೀರಿ ರಕ್ತ ಒಸರಿತು. ಅವಳು ಅದನ್ನು ಬಾಯಲ್ಲಿಟ್ಟು ಚೀಪಿ, ನಕ್ಕು, "ನಮ್ಮಜ್ಜಿ ಇದ್ದಿದ್ರೆ ಒಂದು ಹಿಡಿ ಕಾಫಿಪುಡಿ ಒತ್ತಿಬಿಡೋಳು. ರಕ್ತ ನಿಲ್ಲುತ್ತೆ ಅಂತ. ನಿಮ್ಮ ಕಡೆಯೂ ಹಾಗೇ ತಾನೆ?" ಎಂದಳು. ಹೌದು, ಎಲ್ಲ ಕಡೆಯೂ ಹಾಗೇ. ತಿಜಾನಿ ಆರು ವರ್ಷದವನಿದ್ದಾಗ ಕುಡುಗೋಲು ತಾಗಿ ಮೊಣಕಾಲು ಸೀಳಿತ್ತು. ತಾಯಿ ಡಬ್ಬಿಯೇ ಸುರಿದು ತನ್ನ ತಲೆವಸ್ತ್ರದಿಂದ ಬಿಗಿದಿದ್ದಳು. ಆ ಉರಿ, ಆ ವಾಸನೆ. ಅವನು ತಂತಿಯ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತ. ಚೀಲದೊಳಗಿನ ಕಾಲಿಗೆ ಮೆತ್ತಿದ್ದ ಪುಡಿ ಕಣ್ಣಿಗೆ ಕಟ್ಟಿತು. ಸತ್ತ ಹಕ್ಕಿಗೆ ಯಾರೂ ಕಾಫಿಪುಡಿ ಒತ್ತುವುದಿಲ್ಲ. ರಕ್ತ ನಿಲ್ಲಿಸುವುದು ಬದುಕಿದ್ದಕ್ಕೆ. ಸೀದಿ ಹೇಳಿದ ಹಾಗೇ ಮಾಡಿದೀನಿ. ಉಂಗುರ ಬೇಕು, ಹಕ್ಕಿ ಬದುಕಿರ್ಬೇಕು. ಆ ಉಂಗುರ ಕೀಲು ದಾಟಿ ಜಾರುವುದಿಲ್ಲ, ಕತ್ತರಿಸಿದರೆ ಮುರಿದು ಅಕ್ಷರ ಹಾಳಾಗುತ್ತದೆ ಎಂದು ಹಮ್ಮಾದಿಗೆ ಹೇಳಿಕೊಟ್ಟವನೂ ತಾನೇ. ತಿಜಾನಿ ತಂತಿಯ ಕಂಬ ಹಿಡಿದುಕೊಂಡ. "ಏನಾಯ್ತು ಆಮ್ ತಿಜಾನಿ?" ಎಂದವಳಿಗೆ, "ಸಕ್ಕರೆ ಕಾಯಿಲೆ," ಎಂದ. ಅವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ದಿಬ್ಬದಿಂದ ನೋಡಿದರೆ ಎಂಟುನೂರೋ ಒಂಬೈನೂರೋ ರಾಜಹಂಸಗಳು, ಗಾಳಿಗೆ ಎದುರಾಗಿ, ಕುತ್ತಿಗೆ ಸುತ್ತಿ ರೆಕ್ಕೆಯಲ್ಲಿ ತಲೆಯಿಟ್ಟು, ಒಂದೇ ಕಾಲಿನ ಮೇಲೆ ನಿಂತಿದ್ದವು. ಎಲ್ಲವೂ ಒಂದೇ ಕಾಲಿನ ಮೇಲೆ. ಇಪ್ಪತ್ತೆರಡು ವರ್ಷ ನೋಡಿ ಮನಸ್ಸು ತಣಿದಿದ್ದ ನೋಟ. ಇವತ್ತು ಅದರ ಮೇಲೆ ಅವನ ಕಣ್ಣು ಹುಚ್ಚು ನಾಯಿಯಂತೆ ಓಡಾಡಿತು. ಈ ಸಾಲಿನಲ್ಲಿ ಯಾವುದು? ಹೊಟ್ಟೆಯ ಗರಿಯೊಳಗೆ ಕಾಲು ಮಡಿಚಿಕೊಂಡದ್ದು ಯಾವುದು, ಮಡಿಚಲು ಕಾಲೇ ಇಲ್ಲದ್ದು ಯಾವುದು? ದೊರ್ಸಾಫ್ ಸಾವಧಾನವಾಗಿ ಒಂದು ತುದಿಯಿಂದ ಉಂಗುರ ಓದುತ್ತ ಬರುತ್ತಿದ್ದಳು. ಅವಳು ಬಲಕ್ಕೆ ತಿರುಗಿದಾಗಲೆಲ್ಲ ತಿಜಾನಿ ಎಡಕ್ಕೆ ಏನೋ ತೋರಿಸಿದ. "ಅಲ್ಲಿ ನೋಡು, ಚಮಚಕೊಕ್ಕು." "ನೋಡಿದೆ." "ಆ ರೀವಹಕ್ಕಿ ನೋಡು, ಅಪರೂಪದ್ದು." "ಅದು ಮಾಮೂಲು ರೀವ ಆಮ್ ತಿಜಾನಿ," ಎಂದಳು ಅವಳು, ಮೆಲ್ಲಗೆ, ಅವನಿಗೆ ಅವಮಾನವಾಗದ ಹಾಗೆ. ಅದರಿಂದಲೇ ಅವಮಾನವಾಯಿತು. ಹಮ್ಮಾದಿ ನಿದ್ದೆಗೆಟ್ಟು ಬಲೆ ಬಿಟ್ಟದ್ದು, ಬೆಳಕು ಹರಿಯುವಾಗ ಹಕ್ಕಿಯನ್ನು ತೊಡೆಯ ಸಂದಿಯಲ್ಲಿ ಅಮುಕಿಕೊಂಡದ್ದು, ಮೀನು ಹೆಚ್ಚುವ ಚಾಕು, ಎಲ್ಲವನ್ನೂ ಅವನ ಮನಸ್ಸು ಕೇಳದಿದ್ದರೂ ತೋರಿಸುತ್ತಿತ್ತು. ಅವನು ಅದಕ್ಕೆ ಸಮಾಧಾನದ ಮಾತು ಹೇಳಿರಬೇಕು. ಹಮ್ಮಾದಿ ಪ್ರಾಣಿಗಳ ಜೊತೆ ಮಾತಾಡುವವನು. ಆಯ್ತು ಆಯ್ತು ಮುಗೀತು, ಎಂದಿರಬೇಕು.

ಆಚೆ ದಡದ ಬಂದೂಕು ಮತ್ತೆ ಹಾರಿತು, ಈ ಸಲ ಹತ್ತಿರದಲ್ಲೇ. ಒಂಬೈನೂರು ಕತ್ತುಗಳು ಒಟ್ಟಿಗೆ ಎದ್ದವು. ರಾಜಹಂಸ ನಿಂತಲ್ಲಿಂದ ಹಾರಲಾರದು. ನೀರಿನ ಮೇಲೆ ಹತ್ತು ಹೆಜ್ಜೆ ಓಡಿಯೇ ಏರಬೇಕು. ಇಡೀ ಹಿಂಡು ಓಡಿತು, ರೆಕ್ಕೆಯ ಕೆಂಪು ಕಪ್ಪು ಬಿಚ್ಚಿಕೊಂಡು, ಹೊಟ್ಟೆ ತೆರೆದ ಹಾಗೆ, ಗದ್ದಲ ಎಬ್ಬಿಸಿಕೊಂಡು ಮೇಲೆದ್ದು ಸಮುದ್ರದ ಕಡೆ ತಿರುಗಿತು. ನೀರು ಅಲ್ಲಾಡಿ ನಿಂತಾಗ ಒಂದು ಉಳಿದಿತ್ತು. ಅದು ರೆಕ್ಕೆ ಬಡಿದು ಒಂದು ಹೆಜ್ಜೆ ಹಾಕಿ ಮುಗ್ಗರಿಸಿ ಎದೆಯ ಮೇಲೆ ಬಿತ್ತು. ಎದ್ದಿತು, ಮತ್ತೆ ರೆಕ್ಕೆ ಬಡಿಯಿತು, ಮತ್ತೆ ಬಿತ್ತು. ಬಿದ್ದಾಗಲೆಲ್ಲ ತಲೆ ನೀರಿನೊಳಗೆ ಹೋಗಿ ಬರುತ್ತಿತ್ತು. ದೊರ್ಸಾಫ್ ದೂರದರ್ಶಕದಲ್ಲಿ ಬಹಳ ಹೊತ್ತು ನೋಡಿದಳು. ಕೊನೆಗೆ ಏನೂ ಹೇಳದೆ ಷೂ ಬಿಚ್ಚತೊಡಗಿದಳು. "ನೀನು ಬೇಡ," ಎಂದು ತಿಜಾನಿ ಅವಳಿಗಿಂತ ಮುಂಚೆ ಕೆಸರಿಗಿಳಿದ.

ನೀರು ತೊಡೆಯವರೆಗೆ ಬಂತು. ಹತ್ತಿರ ಹೋದಂತೆ ಹಕ್ಕಿ ಕುತ್ತಿಗೆ ಚಾಚಿ ಬಾತುಕೋಳಿಯಂತೆ ಗೊರಗೊರ ಕೂಗಿತು, ಹಾವಿನಂತೆ ಕತ್ತು ಬೀಸಿ ಅವನ ತೋಳು ಕಚ್ಚಿತು. ಅವನು ಎದೆಗೆ ಅವಚಿ ಹಿಡಿದ. ಅಷ್ಟು ದೊಡ್ಡ ಹಕ್ಕಿ, ತೂಕವೇ ಇರಲಿಲ್ಲ. ಒಳಗೆ ಏನೋ ಸಣ್ಣ ಯಂತ್ರ ಓಡುತ್ತಿರುವಂತೆ ನಡುಗುತ್ತಿತ್ತು. ತೊಡೆಯ ಮೊಂಡಿಗೆ ಮೀನಿನ ದಾರವನ್ನು ಅಚ್ಚುಕಟ್ಟಾಗಿ ಮೂರು ಸುತ್ತು ಸುತ್ತಿ ಗಂಟು ಹಾಕಿತ್ತು. ಒದ್ದೆಯಾದ ಕಾಫಿಪುಡಿ ಇನ್ನೂ ಅಂಟಿಕೊಂಡಿತ್ತು. ಆ ಗಂಟಿನ ನಾಜೂಕು ನೋಡಿ ತಿಜಾನಿಗೆ ಅಳು ಬಂತು. ಕೋಳಿಯಾದರೆ ದಿಕ್ಕು ನೋಡಿ, ದೇವರ ಹೆಸರು ಹೇಳಿ ಕೊಯ್ಯುವುದು ಗೊತ್ತಿತ್ತು. ಇದಕ್ಕೆ ಹೇಳುವ ಮಾತು ಅವನಿಗೆ ಗೊತ್ತಿರಲಿಲ್ಲ. ಕತ್ತು ಹಿಡಿದು ತಿರುಚಿದ, ಸಾಯಲಿಲ್ಲ. ರೆಕ್ಕೆ ಮುಖಕ್ಕೆ ಬಡಿದು ಕನ್ನಡಕ ನೀರಿಗೆ ಬಿತ್ತು. ಹಲ್ಲು ಕಚ್ಚಿ ಮತ್ತೆ ತಿರುಚಿದ, ಎಳೆದ. ಒಳಗೆ ಏನೋ ಬಿಟ್ಟುಕೊಂಡಿತು. ಅದು ಸುಮ್ಮನಾದ ಮೇಲೂ ಅವನು ಎಳೆಯುತ್ತಲೇ ಇದ್ದ, ಯಾಕೆಂದು ಅವನಿಗೇ ಗೊತ್ತಾಗಲಿಲ್ಲ.

ದಡದಲ್ಲಿ ದೊರ್ಸಾಫ್ ಹಕ್ಕಿಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಮೊಂಡಿಯನ್ನು ನೋಡಿದಳು, ದಾರವನ್ನು ಮುಟ್ಟಿದಳು, ಬೆರಳು ಮೂಸಿದಳು. ಕಾರಿನಲ್ಲಿ ಬಂದ ವಾಸನೆ ಅವಳಿಗೆ ನೆನಪಾಯಿತೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. "ಇದು ನರಿ ಕಚ್ಚಿದ್ದಲ್ಲ," ಎಂದಳು. ಉಳಿದ ಕಾಲಿನಲ್ಲಿ ಲೋಹದ ಸಣ್ಣ ಉಂಗುರವಿತ್ತು. ರಾಜಹಂಸಕ್ಕೆ ಎರಡು ತೊಡಿಸುತ್ತಾರೆ, ಒಂದು ದೂರದಿಂದ ಓದಲು, ಇನ್ನೊಂದು ಸತ್ತ ಮೇಲೆ ಓದಲು. ಅವಳು ಅಂಕಿಗಳನ್ನು ಒಂದೊಂದಾಗಿ ಹೇಳಿಕೊಂಡು ತನ್ನ ಪುಸ್ತಕದಲ್ಲಿ ಬರೆದಳು. "ಸ್ಥಿತಿ ಏನಂತ ಬರೀಲಿ?" ಎಂದು ತಲೆಯೆತ್ತದೆ ಕೇಳಿದಳು. "ಸತ್ತು ಸಿಕ್ಕಿದ್ದು," ಎಂದ ತಿಜಾನಿ. ಮಾತು ತಾನಾಗಿ ಬಂದಿತ್ತು. ಅವನ ಕೈಗಳಿಗೆ ಇನ್ನೂ ಗರಿ ಅಂಟಿಕೊಂಡಿತ್ತು, ಹಕ್ಕಿಯ ಮೈ ಇನ್ನೂ ಬಿಸಿಯಿತ್ತು. ದೊರ್ಸಾಫ್ ಈಗ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಪೆನ್ನು ಕಾಗದಕ್ಕೆ ತಾಗಲಿಲ್ಲ.

ಹಿಂದುಗಡೆ ಮೊಪೆಡ್ಡಿನ ಸದ್ದು ಕೇಳಿಸಿತು. ಹಮ್ಮಾದಿ ಸ್ನಾನ ಮಾಡಿ ಇಸ್ತ್ರಿಯ ಶರಟು ತೊಟ್ಟು ಬಂದಿದ್ದ. ಸಂಘದವರು ಬರುತ್ತಾರೆಂದು ಊರಿಗೆಲ್ಲ ಗೊತ್ತಿತ್ತಲ್ಲ. ಮಡಿಲಲ್ಲಿದ್ದ ಹಕ್ಕಿಯನ್ನು ನೋಡಿ ಅವನ ಮುಖ ಇಳಿಯಿತು. "ಸತ್ತು ಹೋಯ್ತಾ ಸೀದಿ?" ಎಂದ, "ನಾನು ಬಿಟ್ಟಾಗ ಚೆನ್ನಾಗಿತ್ತು. ನಿಂತ್ಕೊಂಡ್ತು ಸೀದಿ, ದೇವರಾಣೆ, ನನ್ನ ಕಣ್ಣೆದುರಿಗೇ ಒಂದೇ ಕಾಲಲ್ಲಿ ನಿಂತ್ಕೊಂಡ್ತು. ಅವು ಹೇಗೂ ಒಂದೇ ಕಾಲಲ್ಲಿ ನಿಲ್ಲೋವು ತಾನೆ." ಆಮೇಲೆ ದೊರ್ಸಾಫಳ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು ಬಗ್ಗಿ, "ನಾನೇ ಮೇಡಂ ಹಮ್ಮಾದಿ. ಕಾಗದ ಬರೋದು ನನ್ನ ಹೆಸರಿಗೇ," ಎಂದ.

"ಹನ್ನೊಂದು ಉಂಗುರ ನೀವೇ ಕೊಟ್ಟದ್ದಾ?" ಎಂದಳು ಅವಳು.

"ನಾನೇ. ಎಲ್ಲ ಕಾಗದಾನೂ ಇದೆ, ಮನೆಗೆ ಬನ್ನಿ ತೋರಿಸ್ತೀನಿ. ಆದ್ರೆ ಎಲ್ಲದರಲ್ಲೂ ಕೊನೇಲಿ ಸತ್ತು ಸಿಕ್ಕಿದ್ದು ಅಂತಿದೆ. ಸೀದಿಗೆ ಬರೋದ್ರಲ್ಲಿ ಜೀವಂತ ನೋಡಿದ್ದು ಅಂತಿರುತ್ತೆ. ನನಗೂ ಒಂದು ಅಂಥದ್ದು ಬೇಕಿತ್ತು. ಒಂದೇ ಒಂದು." ಅವನು ಹಕ್ಕಿಯನ್ನು ಮತ್ತೊಮ್ಮೆ ನೋಡಿದ. "ಬೆಳಗ್ಗೆ ಜೀವಂತ ಇತ್ತಲ್ಲ ಮೇಡಂ, ಹಾಗಂತ ಬರೆಯೋಕಾಗಲ್ವ? ಸೀದಿಗೆ ಗೊತ್ತು. ಪ್ರತೀ ಸಲಾನೂ ಹೇಗೆ ಸತ್ತಿದ್ದು ಅಂತ ಸೀದಿಗೆ ಗೊತ್ತಿತ್ತು, ಆದ್ರೂ ಪಾಪ ನನಗೋಸ್ಕರ..."

ಆ ಬಾಯಿ ಮುಚ್ಚಬೇಕಿತ್ತು. ಅದಕ್ಕಿಂತ ಹೆಚ್ಚಿನ ಯೋಚನೆ ಏನೂ ತಿಜಾನಿಗಿರಲಿಲ್ಲ. ದೂರದರ್ಶಕದ ಮುಕ್ಕಾಲಿಯಿಂದ ಒಂದು ಕಾಲು ಬಿಚ್ಚಿಕೊಂಡು ಬಂದಿತ್ತೋ ಅವನೇ ಕಿತ್ತನೋ, ಕೈಯಲ್ಲಿ ಕಬ್ಬಿಣದ ಕೋಲಿತ್ತು. ಮೊದಲ ಏಟು ಹಮ್ಮಾದಿಯ ಭುಜಕ್ಕೆ ಬಿತ್ತು, ಎರಡನೆಯದು ಕಿವಿಯ ಮೇಲೆ. ಇಸ್ತ್ರಿಯ ಕಾಲರಿಗೆ ರಕ್ತ ಇಳಿಯಿತು. "ಕತ್ತೆ. ಕತ್ತೆಗೆ ಹುಟ್ಟಿದವನೇ. ನಾನು ಹೇಳಿದ್ದೇನು, ನೀನು ಕೇಳಿದ್ದೇನು," ಎಂದು ಅವನು ಅರಚುತ್ತಿದ್ದ, ಅರಚುವಾಗಲೂ ದೊರ್ಸಾಫಳಿಗೆ ಕೇಳಿಸಲಿ ಎಂದೇ ಅರಚುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಹೊಡೆತದಲ್ಲಿ ಒಂದು ಸುಖವೂ ಇತ್ತು. ಬೆಳಗಿನಿಂದ ತುರಿಸುತ್ತಿದ್ದ ಕೈ ತಣ್ಣಗಾಗುತ್ತಿತ್ತು. ಹಮ್ಮಾದಿ ಅವನಿಗಿಂತ ಒಂದು ಗೇಣು ಎತ್ತರ, ದೋಣಿ ಎಳೆದು ಗಟ್ಟಿಯಾದ ತೋಳು. ಒಂದು ಸಲ ತಳ್ಳಿದ್ದರೆ ಮುದುಕ ಕೆಸರಿನಲ್ಲಿ ಮಲಗುತ್ತಿದ್ದ. ದೊರ್ಸಾಫ್ ಹಕ್ಕಿಯನ್ನು ನೆಲಕ್ಕಿಟ್ಟು ಎದ್ದು, "ನಿಲ್ಲಿಸಿ, ನಿಲ್ಲಿಸಿ ಅಂದೆ," ಎನ್ನುತ್ತ ನಡುವೆ ಬರಲು ನೋಡಿದಳು. ಹಮ್ಮಾದಿಯೇ ಕೈಯಡ್ಡ ಮಾಡಿ ಅವಳನ್ನು ದೂರ ನಿಲ್ಲಿಸಿದ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಕಾಲು ಜೋಡಿಸಿ ನೆಟ್ಟಗೆ ನಿಂತು, ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಮುಂದೆ ಚಾಚಿದ.

ತಿಜಾನಿಯ ಕೋಲು ಗಾಳಿಯಲ್ಲೇ ನಿಂತಿತು. ಬಲೆಯ ಹಗ್ಗ ಕೊರೆದ ಗೀರುಗಳು, ಉಪ್ಪು ತಿಂದ ಉಗುರು, ಬೆಳಗಿನ ಕೆಲಸದ ಕಂದು ಕಲೆ. ಆದರೂ ಆ ಅಂಗೈಗಳನ್ನು ಅವನು ಗುರುತು ಹಿಡಿದ. ಮೂರನೆಯ ತರಗತಿ, ಕಿಟಕಿಯ ಪಕ್ಕದ ಬೆಂಚು. ಪಾಠವನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಿದ್ದವನು, ಪ್ರತಿ ದಿನ. ಅಲ್ಲಿ ಒಂದು ಕ್ರಮವಿತ್ತು, ತಿಜಾನಿ ಮಾಡಿದ ಕ್ರಮ: ತಪ್ಪಿತಸ್ಥ ಅಳಬಾರದು, ಕೈ ಹಿಂದಕ್ಕೆಳೆಯಬಾರದು, ಏಟು ಎಷ್ಟೆಂದು ತಾನೇ ಕೇಳಬೇಕು, ಬಿದ್ದದ್ದನ್ನು ತಾನೇ ಗಟ್ಟಿಯಾಗಿ ಎಣಿಸಬೇಕು.

"ಎಷ್ಟು, ಸೀದಿ?" ಎಂದ ಹಮ್ಮಾದಿ. ದನಿಯಲ್ಲಿ ಸಿಟ್ಟಿರಲಿಲ್ಲ. ಕಿವಿಯಿಂದ ಇಳಿದ ರಕ್ತ ಗದ್ದದಿಂದ ತೊಟ್ಟಿಕ್ಕುತ್ತಿತ್ತು.

ದೊರ್ಸಾಫ್ ತಿಜಾನಿಯ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲವೂ ತಿಳಿದಾಗಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ಹೊಡೆಯಲು ಕಾರಣವೂ ಉಳಿದಿರಲಿಲ್ಲ. ಕೋಲು ಕೆಳಗೆ ಹಾಕು, ಎಂದು ಅವನು ತನಗೆ ತಾನೇ ಹೇಳಿಕೊಂಡ. ಅಂಗೈಗಳು ಮುಂದೆಯೇ ಇದ್ದವು, ಅಲ್ಲಾಡದೆ, ಅವನ ಮಾತಿಗೆ ಕಾಯುತ್ತ. ತಿಜಾನಿ ಕೈ ಬೀಸಿದ.

"ಒಂದು," ಎಂದ ಹಮ್ಮಾದಿ.